ಒತ್ತಕ್ಷರಕ್ಕೂ ಜಾಗ ಬಿಡಿ: ಓದಿನ ಪುಸ್ತಕಕ್ಕೊಂದು ಮುಖಪುಟ

‘ಓದಿದ ಪುಸ್ತಕಗಳ ಬಗ್ಗೆ ಬರೆಯೋಕೆ ಒಂದು ನೋಟ್‌ಬುಕ್ ಇಡಿ, ಮುಖಪುಟ ಚೆಂದ ಮಾಡ್ಕೊಂಡು ಬನ್ನಿ’ ಎಂದು ಶಾಲೆಯಲ್ಲಿ ಹೇಳಿ ಕಳಿಸಿದರೆ ಮಕ್ಕಳು ಮೊದಲು ಚಿತ್ರಕ್ಕೇ ಕೈ ಹಾಕುತ್ತಾರೆ. ಗಿಡ, ಸೂರ್ಯ, ತೆರೆದ ಪುಸ್ತಕ, ಚಿಟ್ಟೆ. ಕೊನೆಗೆ ಉಳಿದ ಮೂಲೆಯಲ್ಲಿ ಶೀರ್ಷಿಕೆ ತುರುಕುತ್ತಾರೆ. ಕೆಡುವುದು ಅಲ್ಲೇ. ಕನ್ನಡದ ಅಕ್ಷರ ಗೆರೆಯ ಮೇಲೆ ಸುಮ್ಮನೆ ಕೂರುವ ಪೈಕಿ ಅಲ್ಲ. ಗುಡಿಸು ಮೇಲೇಳುತ್ತದೆ, ಕೊಂಬು ಬಲಕ್ಕೆ ಚಾಚುತ್ತದೆ, ಒತ್ತು ಕೆಳಗಿಳಿಯುತ್ತದೆ. ಹಾಗಾಗಿ ಮೊದಲು ಅಕ್ಷರ, ಆಮೇಲೆ ಚಿತ್ರ.

ಇಲ್ಲಿನ ಅಳತೆಗಳೆಲ್ಲ 18 × 24 ಸೆಂ.ಮೀ. ನೋಟ್‌ಬುಕ್ಕಿಗೆ. ನಿಮ್ಮದು ಬೇರೆ ಅಳತೆಯದಾದರೆ ಸ್ಕೇಲಿನಲ್ಲಿ ಅಳೆದು ಹೆಚ್ಚುಕಡಿಮೆ ಮಾಡಿಕೊಳ್ಳಿ. ಬೇಕಾಗುವುದು ಕಂದು ಬೈಂಡ್ ಶೀಟ್, ದಪ್ಪ ಡ್ರಾಯಿಂಗ್ ಶೀಟ್, ಪೆನ್ಸಿಲ್, ರಬ್ಬರ್, ಬಣ್ಣದ ಪೆನ್ಸಿಲ್, ಕಪ್ಪು ಮಾರ್ಕರ್, ಬಿಳಿ ಜೆಲ್ ಪೆನ್, ಗಮ್ ಸ್ಟಿಕ್, ಕೆಂಗಂದು ಬಣ್ಣದ ಚಾರ್ಟ್ ಪೇಪರಿನ ಒಂದು ತುಂಡು. ಜೆರಾಕ್ಸ್ ಹಾಳೆ ಬೇಡ. ತೆಳುವಾದ್ದರಿಂದ ಮಾರ್ಕರಿನ ಶಾಯಿ ಹಿಂದಕ್ಕೆ ಇಳಿಯುತ್ತದೆ, ಅಂಟು ತಗುಲಿದರೆ ಸುಕ್ಕಾಗುತ್ತದೆ.

ಮೊದಲು ಬೈಂಡ್ ಹಾಕಿ. ಅಂಗಡಿಯಿಂದ ತಂದ ನೋಟ್‌ಬುಕ್ಕಿನ ರಟ್ಟು ನುಣುಪಾಗಿರುತ್ತದೆ. ಅದರ ಮೇಲೆ ನೇರವಾಗಿ ಅಂಟಿಸಿದ ಹಾಳೆ ಬ್ಯಾಗಿನಲ್ಲಿ ಉಜ್ಜಿ ಉಜ್ಜಿ ಮೂಲೆಯಿಂದ ಏಳುತ್ತದೆ. ಬೈಂಡ್ ಶೀಟಿನ ಹೊಳಪಿಲ್ಲದ ಮಗ್ಗುಲು ಹೊರಗೆ ಬರಲಿ, ಅಂಟು ಹಿಡಿಯುವುದು ಅದಕ್ಕೇ. ಅಳತೆ ತೆಗೆಯುವಾಗ ಪುಸ್ತಕ ಮುಚ್ಚಿರಬೇಕು. ತೆರೆದಿಟ್ಟು ಅಳೆದರೆ ಬೆನ್ನಿನ ದಪ್ಪ ಲೆಕ್ಕಕ್ಕೆ ಬಾರದೆ, ಮುಚ್ಚುವಾಗ ಬೈಂಡ್ ಬಿಗಿದು ರಟ್ಟು ಬಾಗುತ್ತದೆ.

ಇನ್ನು ಡ್ರಾಯಿಂಗ್ ಶೀಟನ್ನು 17.4 × 23.4 ಸೆಂ.ಮೀ.ಗೆ ಕತ್ತರಿಸಿ. ಸುತ್ತ 3 ಮಿ.ಮೀ. ಕಂದು ಅಂಚು ಉಳಿಯುವುದರಿಂದ ಹಾಳೆಯ ತುದಿ ಬೇರೆ ಪುಸ್ತಕಗಳಿಗೆ ಸಿಕ್ಕಿ ಕಿತ್ತುಬರುವುದಿಲ್ಲ. ಕತ್ತರಿಸುವ ಮುಂಚೆ ಶೀಟನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಸುರುಳಿಯಾಗುತ್ತದೋ ಆ ಸುರುಳಿಯ ಉದ್ದ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಲಿ. ಕಾಗದದ ನಾರು ಆ ದಿಕ್ಕಿಗಿರುತ್ತದೆ. ಅಡ್ಡಡ್ಡ ಅಂಟಿಸಿದರೆ ಒಣಗುವಾಗ ರಟ್ಟನ್ನೇ ಎಳೆದು ದೋಣಿಯಂತೆ ಮಾಡಿಬಿಡುತ್ತದೆ.

ಹಾಳೆಯ ಎಡಕ್ಕೆ 1.5 ಸೆಂ.ಮೀ. ಖಾಲಿ ಬಿಡಿ, ಪುಸ್ತಕ ತೆರೆದಾಗ ಮಡಿಚಿಕೊಳ್ಳುವ ಜಾಗ ಅದು. ಮೇಲಿನಿಂದ 1 ಸೆಂ.ಮೀ. ಬಿಟ್ಟು, ಶೀರ್ಷಿಕೆಗೆ 9, ಚಿತ್ರಕ್ಕೆ 10, ಹೆಸರಿಗೆ 3.4 ಎಂದು ಪೆನ್ಸಿಲಿನಲ್ಲಿ ತೆಳುವಾಗಿ ಗೆರೆ ಎಳೆಯಿರಿ.

‘ನನ್ನ ಓದಿನ ಪುಸ್ತಕ’ ಎಂಬ ಶೀರ್ಷಿಕೆಯನ್ನೇ ತೆಗೆದುಕೊಳ್ಳೋಣ. ಎರಡು ಸಾಲು, ತಲಾ 4.5 ಸೆಂ.ಮೀ. ಪ್ರತಿ ಸಾಲಿನಲ್ಲಿ ಮೇಲೆ 0.75 ಗುಡಿಸಿಗೆ, ನಡುವೆ 2.5 ಅಕ್ಷರದ ಮೈಗೆ, ಕೆಳಗೆ 1.25 ಒತ್ತಿಗೆ. ಹೀಗೆ ಪ್ರತಿ ಸಾಲಿಗೂ ನಾಲ್ಕು ಗೆರೆ. ‘ನನ್ನ ಓದಿನ’ದಲ್ಲಿ ಐದು ಅಕ್ಷರ. ಒಂದೊಂದಕ್ಕೆ 2.2 ಸೆಂ.ಮೀ. ಅಗಲದ ಮನೆ, ಅಕ್ಷರಗಳ ನಡುವೆ 3 ಮಿ.ಮೀ., ಪದಗಳ ನಡುವೆ 1.5 ಸೆಂ.ಮೀ. ಕೊಟ್ಟರೆ 13.4 ಸೆಂ.ಮೀ. ಆಯಿತು. ಒತ್ತು ಬಲಕ್ಕೆ ಸರಿದುಕೊಂಡರೂ ಉಸಿರಾಡಲು ಜಾಗ ಉಳಿಯುತ್ತದೆ. ಎರಡನೇ ಸಾಲಿನ ‘ಪು’ಗೆ ಒಂದೂವರೆ ಮನೆ ಕೊಡಿ, ಕೊಂಬು ಹೊರಚಾಚಿರುತ್ತದಲ್ಲ. ‘ಪುಸ್ತಕ’ಕ್ಕೆ ತಕಾರದ ಒತ್ತು, ಥಕಾರದ್ದಲ್ಲ. ಮುಖಪುಟದ ಮೇಲಿನ ತಪ್ಪು ವರ್ಷವಿಡೀ ಕಣ್ಣಿಗೆ ಚುಚ್ಚುತ್ತದೆ, ಮಾರ್ಕರ್ ಹಿಡಿಯುವ ಮುಂಚೆ ಇನ್ನೊಬ್ಬರಿಗೆ ತೋರಿಸಿ. ಅಕ್ಷರ ದಪ್ಪ ಮಾಡುವಾಗ ಒಳಮುಖವಾಗಿ ದಪ್ಪ ಮಾಡಿದರೆ ‘ನ’ದ ಹೊಟ್ಟೆ ಮುಚ್ಚಿಹೋಗುತ್ತದೆ. ಹೊರಮುಖವಾಗಿ ಬೆಳೆಸಿ.

ಚಿತ್ರದ ವಿಚಾರ. ಇಂಟರ್‌ನೆಟ್ಟಿನಿಂದ ಪ್ರಿಂಟ್ ತೆಗೆದು ಅಂಟಿಸುವುದು ಸುಲಭ, ಆದರೆ ಎರಡೇ ದಿನಕ್ಕೆ ಮಗು ಅದನ್ನು ನೋಡುವುದನ್ನೇ ಬಿಡುತ್ತದೆ. ಓದು ಬೆಳೆದಂತೆ ತಾನೂ ತುಂಬುವ ಚಿತ್ರವಾದರೆ ಮಜಾ: ಒಂದು ಖಾಲಿ ಕಪಾಟು. 10 ಸೆಂ.ಮೀ. ಎತ್ತರದಲ್ಲಿ 4 ಸೆಂ.ಮೀ.ನ ಎರಡು ಅಂತಸ್ತು, 1 ಸೆಂ.ಮೀ.ನ ಎರಡು ಹಲಗೆ. ಅಗಲ 15. ಒಂದೊಂದು ಅಂತಸ್ತಿನಲ್ಲಿ 1 ಸೆಂ.ಮೀ. ಅಗಲದ 12 ಪುಸ್ತಕದ ಬೆನ್ನು, ಎತ್ತರ ಮಾತ್ರ 3ರಿಂದ 3.8ರವರೆಗೆ ಏರುಪೇರಾಗಿರಲಿ. ಉಳಿದ 3 ಸೆಂ.ಮೀ.ನಲ್ಲಿ ನಿದ್ದೆ ಹೋದ ಬೆಕ್ಕನ್ನೋ ಹೂಜಿಯನ್ನೋ ಬರೆಯಬಹುದು. ಬೆನ್ನು 1 ಸೆಂ.ಮೀ.ಗಿಂತ ಕಿರಿದಾದರೆ ಪುಸ್ತಕದ ಹೆಸರು ಬರೆಯುವಾಗ ಮತ್ತೆ ಒತ್ತಕ್ಷರದ ಗೋಳು.

ಹಲಗೆಗಳಿಗೆ ಮಲೆನಾಡಿನ ಹಸೆ ಚಿತ್ತಾರದ ಅಂಚು ಒಪ್ಪುತ್ತದೆ. ಸಾಗರ, ಶಿವಮೊಗ್ಗದ ಕಡೆ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುವ ಈ ಚಿತ್ತಾರದಲ್ಲಿ ನೇರ ಗೆರೆಯದ್ದೇ ಕಾರುಬಾರು. ಸ್ಕೇಲ್ ಹಿಡಿಯಬಲ್ಲ ಮಗುವಿಗೆ ಅದರ ಸರಳ ಅಂಚು ಕಷ್ಟವಲ್ಲ. ಕೆಂಗಂದು ಚಾರ್ಟ್ ಪೇಪರಿನಿಂದ 15 × 1 ಸೆಂ.ಮೀ.ನ ಎರಡು ಪಟ್ಟಿ ಕತ್ತರಿಸಿ, ಮೇಲೆ ಕೆಳಗೆ ಜೋಡಿಗೆರೆ ಎಳೆದು, ನಡುವೆ ಓರೆಗೆರೆಗಳಿಂದ ಸಾಲು ತ್ರಿಕೋನ ಮಾಡಿ. ಬಿಳಿ ಜೆಲ್ ಪೆನ್ ಸಾಕು. ಬಣ್ಣದ ಪೆನ್ಸಿಲ್ ತಿಕ್ಕಿದ ಜಾಗದ ಮೇಲೆ ಜೆಲ್ ಪೆನ್ ಓಡುವುದಿಲ್ಲ, ಮೇಣ ತಡೆಯುತ್ತದೆ. ಬೇರೆ ಪಟ್ಟಿ ಮಾಡಿ ಅಂಟಿಸಲು ಹೇಳಿದ್ದು ಅದಕ್ಕೇ.

ಕೆಳಗಿನ 3.4 ಸೆಂ.ಮೀ.ನಲ್ಲಿ ಹೆಸರು, ತರಗತಿ, ವಿಭಾಗ. ಫೋನ್ ನಂಬರ್ ಒಳರಟ್ಟಿಗೆ.

ಅಂಟಿಸುವಾಗ ಗಮ್ ಸ್ಟಿಕ್ಕನ್ನು ಹಾಳೆಯ ಹಿಂಬದಿಗೆ ನಡುವಿನಿಂದ ಅಂಚಿನ ಕಡೆಗೆ ಸವರಿ. ನಾಲ್ಕು ಅಂಚಿಗೂ ಎರಡು ಸಲ. ಬಿಳಿ ಅಂಟಿನಲ್ಲಿ ನೀರಿನಂಶ ಹೆಚ್ಚು, ಅದನ್ನೇ ಬಳಸುವುದಾದರೆ ತೀರಾ ತೆಳುವಾಗಿ ಹಚ್ಚಬೇಕು. ಮೇಲಂಚು ಮೊದಲು ಕೂರಿಸಿ, ಒಣಬಟ್ಟೆಯಿಂದ ಕೆಳಕ್ಕೆ ಒತ್ತುತ್ತಾ ಬಂದರೆ ಗುಳ್ಳೆ ನಿಲ್ಲುವುದಿಲ್ಲ. ರಟ್ಟಿಗೂ ಮೊದಲ ಪುಟಕ್ಕೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಇಟ್ಟು, ಮೇಲೆ ನಾಲ್ಕೈದು ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ.

ಇಷ್ಟಾದ ಮೇಲೆ ಲ್ಯಾಮಿನೇಷನ್ ಮಾಡಿಸಬೇಡಿ, ಕಪಾಟಿಗೆ ಬಣ್ಣ ತುಂಬಲಾಗುವುದಿಲ್ಲ. ತೆಗೆದು ಹಾಕುವ ಪ್ಲಾಸ್ಟಿಕ್ ಹೊದಿಕೆ ಸಾಕು. ಒಂದು ಪುಸ್ತಕ ಓದಿ ಮುಗಿಸಿದ ದಿನ ಹೊದಿಕೆ ಸರಿಸಿ ಒಂದು ಬೆನ್ನಿನ ಮೇಲೆ ಅದರ ಹೆಸರು ಬರೆದು ಬಣ್ಣ ತುಂಬುವುದು. ಬೇಸರವಾಗಿ ನಡುವೆ ಬಿಟ್ಟ ಪುಸ್ತಕಕ್ಕೂ ಕಪಾಟಿನಲ್ಲಿ ಜಾಗ ಉಂಟು. ಎಷ್ಟು ಓದಿದೆಯೋ ಅಷ್ಟೆತ್ತರಕ್ಕೆ ಬಣ್ಣ.