ಸ್ಟೇಟ್ ಆಫ್ ದಿ ಯೂನಿಯನ್ ಭಾಷಣ ನೋಡೋದು ಹೇಗೆ, ಅದ್ರಲ್ಲಿ ಏನು ಬಿಡಬಹುದು

ಅಮೆರಿಕದ ಅಧ್ಯಕ್ಷರು ವರ್ಷಕ್ಕೊಂದ್ಸಲ ಕಾಂಗ್ರೆಸ್ (ಅಂದ್ರೆ ಅಲ್ಲಿನ ಸಂಸತ್ತು) ಮುಂದೆ ನಿಂತು ಮಾಡೋ ಈ ಭಾಷಣ ಅಲ್ಲಿ ರಾತ್ರಿ 9ಕ್ಕೆ ಶುರು, ನಮಗೆ ಮಾರನೇ ದಿನ ಬೆಳಗ್ಗೆ ಏಳೂವರೆ, ಹಾಗಾಗಿ ಕಾಫಿ ಕುಡೀತಾ ಲೈವ್ ನೋಡಬಹುದು. ಆದ್ರೆ ಹಿನ್ನೆಲೆ ಗೊತ್ತಿಲ್ದೆ ಕೂತ್ರೆ ಬರೀ ಎದ್ದು ನಿಲ್ಲೋದು, ಚಪ್ಪಾಳೆ, ಮತ್ತೆ ಕೂರೋದು ಇಷ್ಟೇ ಕಾಣ್ಸೋದು. ಟಿವೀಲಿ ಕಾಣೋದ್ರಲ್ಲಿ ಮುಕ್ಕಾಲು ಭಾಗ ಆಮೇಲೆ ಸೇರಿಸಿದ್ದು. ಯಾವುದು ಯಾವಾಗ ಸೇರ್ತು ಅಂತ ಗೊತ್ತಿದ್ರೆ ಎಲ್ಲಿ ಕಿವಿ ಕೊಡ್ಬೇಕು ಅನ್ನೋದು ತಾನಾಗೇ ಗೊತ್ತಾಗತ್ತೆ.

ಮೊದ್ಲು ಸಂವಿಧಾನ ಏನು ಹೇಳತ್ತೆ ನೋಡ್ಕೊಳ್ಳಿ. 2ನೇ ವಿಧಿಯ 3ನೇ ಸೆಕ್ಷನ್ ಪ್ರಕಾರ ಅಧ್ಯಕ್ಷರು ಆಗಾಗ ಕಾಂಗ್ರೆಸ್ಸಿಗೆ ದೇಶದ ಸ್ಥಿತಿಗತಿ ತಿಳಿಸ್ಬೇಕು, ಅಗತ್ಯ ಅನ್ನಿಸಿದ ಕ್ರಮಗಳನ್ನ ಶಿಫಾರಸು ಮಾಡ್ಬೇಕು. ಅಷ್ಟೇ. ವರ್ಷಕ್ಕೊಂದು ಅಂತ ಇಲ್ಲ, ಭಾಷಣಾನೇ ಮಾಡ್ಬೇಕು ಅಂತಾನೂ ಇಲ್ಲ.

ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1790ರ ಜನವರಿ 8ರಂದು ನ್ಯೂಯಾರ್ಕಿನಲ್ಲಿ ಮೊದಲನೇದನ್ನ ಓದಿದ್ರು, ಸಾವಿರದ ಚಿಲ್ಲರೆ ಪದ, ಹತ್ತು ನಿಮಿಷದ ಮಾತು. ಜೆಫರ್ಸನ್ 1801ರಲ್ಲಿ ಅಧ್ಯಕ್ಷರಾಗಿ ಬಂದು, ಇದೇನು ಇಂಗ್ಲೆಂಡ್ ರಾಜ ಪಾರ್ಲಿಮೆಂಟಿಗೆ ಭಾಷಣ ಮಾಡ್ದಂಗಿದೆ ಅಂತ ನಿಲ್ಲಿಸಿ ಬರೆದು ಕಳ್ಸೋಕೆ ಶುರು ಮಾಡಿದ್ರು, ಅದಾದ್ಮೇಲೆ ನೂರು ವರ್ಷಕ್ಕೂ ಜಾಸ್ತಿ ಎಲ್ರೂ ಕಾಗದದಲ್ಲೇ ಮುಗಿಸಿದ್ರು. ನನ್ನ ಪ್ರಕಾರ ಜೆಫರ್ಸನ್ ಮಾಡಿದ್ದೇ ಸರಿ, ಯಾಕಂದ್ರೆ ಯುರೋಪಿನವ್ರು ಇನ್ಮೇಲೆ ಅಮೆರಿಕ ಖಂಡಗಳಲ್ಲಿ ಹೊಸ ವಸಾಹತು ಮಾಡೋ ಹಾಗಿಲ್ಲ ಅನ್ನೋ 1823ರ ಮನ್ರೋ ನೀತಿ ಇದೆಯಲ್ಲ, ಅದು ಬಂದಿದ್ದು ಇಂಥ ಬರೆದ ಸಂದೇಶದಲ್ಲೇ, ಯಾರೂ ಎದ್ದು ನಿಂತು ಚಪ್ಪಾಳೆ ಹೊಡೀಲಿಲ್ಲ.

1913ರಲ್ಲಿ ವುಡ್ರೋ ವಿಲ್ಸನ್ ಮತ್ತೆ ಖುದ್ದಾಗಿ ಹೋದ್ರು. ಆಮೇಲೆ 1923ರಲ್ಲಿ ಕೂಲಿಜ್ ಕಾಲಕ್ಕೆ ರೇಡಿಯೋ, 1947ರಲ್ಲಿ ಟ್ರೂಮನ್ ಕಾಲಕ್ಕೆ ಟಿವಿ ಬಂತು. ಆಗೆಲ್ಲ ಹಗಲು ಹೊತ್ತಲ್ಲೇ ಸಾಮಾನ್ಯವಾಗಿ ನಡೀತಿತ್ತು, ಲಿಂಡನ್ ಜಾನ್ಸನ್ 1965ರಲ್ಲಿ ಅದನ್ನ ರಾತ್ರಿಗೆ ತಂದ್ರು, ಮನೇಲಿ ಕೂತು ಜಾಸ್ತಿ ಜನ ನೋಡ್ಲಿ ಅಂತ. ಅಲ್ಲಿಂದ ಅಧ್ಯಕ್ಷರು ಮಾತಾಡೋದು ಎದುರಿಗಿರೋ ಸದಸ್ಯರ ಜೊತೆಗಾ ಕ್ಯಾಮೆರಾ ಜೊತೆಗಾ ಅನ್ನೋದೇ ಡೌಟು.

ಈಗ ನೋಡೋ ವಿಧಾನ. ಅಧ್ಯಕ್ಷರ ಬೆನ್ನ ಹಿಂದೆ ಇಬ್ರು ಕೂತಿರ್ತಾರೆ, ಒಬ್ರು ಉಪಾಧ್ಯಕ್ಷರು, ಇನ್ನೊಬ್ರು ಹೌಸ್ (ಕಾಂಗ್ರೆಸ್ಸಿನ ಕೆಳಮನೆ) ಸ್ಪೀಕರ್. ಸ್ಪೀಕರ್ ಬೇರೆ ಪಾರ್ಟಿಯವರಾದ್ರೆ ಮುಖ ನೋಡ್ತಿರಿ, 2020ರಲ್ಲಿ ನ್ಯಾನ್ಸಿ ಪೆಲೋಸಿ ಟ್ರಂಪ್ ಭಾಷಣದ ಪ್ರತಿಯನ್ನ ಅಲ್ಲೇ ಹರಿದು ಹಾಕಿದ್ರು. ಅಧ್ಯಕ್ಷರು ಅಲ್ಲಿಗೆ ಬರೋದು ಕಾಂಗ್ರೆಸ್ ಕರೆದ್ರೆ ಮಾತ್ರ ಅನ್ನೋದೂ ನೆನಪಿರ್ಲಿ, 2019ರಲ್ಲಿ ಹಣ ಮಂಜೂರಾಗದೆ ಸರ್ಕಾರ ಶಟ್‌ಡೌನ್ ಆಗಿದ್ದಾಗ ಇದೇ ಪೆಲೋಸಿ ಬೇಡ ಅಂದಿದ್ದಕ್ಕೆ ಭಾಷಣ ಫೆಬ್ರವರಿ 5ಕ್ಕೆ ಹೋಯ್ತು. ಮುಂದಿನ ಸಾಲಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು, ಸೇನಾ ಮುಖ್ಯಸ್ಥರು ಪಾಲಿಸಿ ಮಾತಿಗೆಲ್ಲ ಚಪ್ಪಾಳೆ ತಟ್ಟಲ್ಲ, ಅದು ಕೋಪ ಅಲ್ಲ, ಪದ್ಧತಿ. ಸದಸ್ಯರ ಸಾಲುಗಳಲ್ಲಿ ಬೆಳಗಾವೀಲಿ ಬೆಳೆದು ಮಿಷಿಗನ್‌ನಿಂದ 2023ರಲ್ಲಿ ಹೌಸ್‌ಗೆ ಬಂದ ಶ್ರೀ ಥಾನೇದಾರ್ ಕಾಣ್ತಾರಾ ಅಂತಾನೂ ನೋಡಬಹುದು.

ಗ್ಯಾಲರಿ ಕಡೆ ಕೈ ತೋರಿಸಿ ಅತಿಥಿಗಳನ್ನ ಪರಿಚಯ ಮಾಡ್ಸೋ ಹೊತ್ತಲ್ಲಿ ಬೇಕಾದ್ರೆ ತಿಂಡಿ ಮುಗಿಸ್ಕೊಳ್ಳಿ. ಅದನ್ನ ಶುರು ಮಾಡಿದ್ದು 1982ರಲ್ಲಿ ರೇಗನ್, ಪೊಟೊಮ್ಯಾಕ್ ನದಿಗೆ ವಿಮಾನ ಬಿದ್ದಾಗ ನೀರಿಗೆ ಹಾರಿ ಒಬ್ಬ ಮಹಿಳೆಯನ್ನ ಉಳಿಸಿದ ಲೆನ್ನಿ ಸ್ಕಟ್ನಿಕ್ ಅವತ್ತಿನ ಅತಿಥಿ.

ಪೆನ್ ಹಿಡ್ಕೊಬೇಕಾದ್ದು ಅಧ್ಯಕ್ಷರು "ಕಾಂಗ್ರೆಸ್ ಇದನ್ನ ಪಾಸ್ ಮಾಡ್ಲಿ" ಅಂದಾಗ. ಅದೇ ಸಂವಿಧಾನ ಹೇಳಿದ ಶಿಫಾರಸು. ಒಂದೊಂದನ್ನೂ ಬರ್ಕೊಂಡು ಪಕ್ಕದಲ್ಲಿ, ಇದಕ್ಕೆ ಕಾನೂನು ಬೇಕಾ ಇಲ್ಲ ಅಧ್ಯಕ್ಷರೇ ಆದೇಶದಲ್ಲಿ ಮಾಡಬಹುದಾ, ಎರಡೂ ಸದನದಲ್ಲಿ ಓಟು ಇದೆಯಾ ಅಂತ ಗುರುತು ಹಾಕಿ. ಭಾಷಣದಿಂದಾನೇ ಏನೂ ಕಾನೂನಾಗಲ್ಲ, ದುಡ್ಡು ಮಂಜೂರು ಮಾಡೋದು ಕಾಂಗ್ರೆಸ್ಸೇ. 1964ರ ಜನವರೀಲಿ ಜಾನ್ಸನ್ ಬಡತನದ ಮೇಲೆ ಯುದ್ಧ ಅಂತ ಸಾರಿದ್ರು, ಆಗಸ್ಟಿಗೆ ಕಾನೂನು ಬಂತು. 1994ರಲ್ಲಿ ಕ್ಲಿಂಟನ್ ಪೆನ್ ಎತ್ತಿ ತೋರಿಸಿ, ಎಲ್ರಿಗೂ ಆರೋಗ್ಯ ವಿಮೆ ಗ್ಯಾರಂಟಿ ಮಾಡದ ಬಿಲ್ ಕಳ್ಸಿದ್ರೆ ವೀಟೋ ಮಾಡ್ತೀನಿ ಅಂದ್ರು, ಅದೇ ವರ್ಷ ಆ ಯೋಜನೆ ಕಾಂಗ್ರೆಸ್ಸಲ್ಲೇ ಸತ್ತೋಯ್ತು, ವೀಟೋ ಮಾಡೋಕೆ ಬಿಲ್ಲೇ ಬರ್ಲಿಲ್ಲ.

ನಮ್ಮ ರಾಷ್ಟ್ರಪತಿ ಭಾಷಣದ ಜೊತೆ ಇದನ್ನ ಬೆರೆಸ್ಬೇಡಿ. ನಮ್ಮಲ್ಲಿ 87ನೇ ವಿಧಿ ಪ್ರಕಾರ ವರ್ಷದ ಮೊದಲ ಅಧಿವೇಶನದಲ್ಲಿ ರಾಷ್ಟ್ರಪತಿ ಓದೋದು ಕ್ಯಾಬಿನೆಟ್ ಒಪ್ಪಿದ ಸರ್ಕಾರದ ಮಾತು, ಆಮೇಲೆ ವಂದನಾ ನಿರ್ಣಯದ ಚರ್ಚೆ, ಪ್ರಧಾನಿ ಉತ್ತರ. ಅಲ್ಲಿ ಅಧ್ಯಕ್ಷರದ್ದು ಅವ್ರದ್ದೇ ಮಾತು, ಸದನದಲ್ಲಿ ಅದಕ್ಕೆ ಚರ್ಚೆ-ಉತ್ತರ ಅಂತ ಇಲ್ಲ.

ಬದ್ಲಿಗೆ ವಿರೋಧ ಪಾರ್ಟಿಯವ್ರು ಟಿವೀಲಿ ಉತ್ತರ ಕೊಡ್ತಾರೆ, 1966ರಲ್ಲಿ ರಿಪಬ್ಲಿಕನ್ ನಾಯಕರಾದ ಡರ್ಕ್‌ಸನ್ ಮತ್ತು ಜೆರಾಲ್ಡ್ ಫೋರ್ಡ್ ಶುರು ಮಾಡಿದ್ದು. ಸಪ್ಪೆ ಇದ್ರೂ ಕೇಳಿ, ನೀವು ಬರ್ಕೊಂಡ ಪಟ್ಟೀಲಿ ಯಾವುದನ್ನ ಅವ್ರು ಮುಟ್ಟಲೇ ಇಲ್ಲ ನೋಡಿ, ಎರಡೂ ಪಾರ್ಟಿ ಓಟು ಸಿಗೋ ಚಾನ್ಸು ಏನಾದ್ರೂ ಇದ್ರೆ ಅಲ್ಲೇ ಹುಡುಕ್ಬೇಕು.