ಪಿಕಪ್ ಎತ್ತುವ ಮುನ್ನ ಜಾಕಿ ಇಳಿಸುವುದನ್ನು ಕಲಿಯಿರಿ

ಎರಡಿಂಚು ಎತ್ತರವಾಗಿ, ದಪ್ಪ ಟೈರು ಹಾಕಿಸಿಕೊಂಡು ಗ್ಯಾರೇಜಿನಿಂದ ಬೀಗುತ್ತಾ ಹೊರಟ ಪಿಕಪ್ ಕೆಲವೇ ತಿಂಗಳಲ್ಲಿ ಪ್ರತಿ ರಸ್ತೆಯುಬ್ಬಿಗೂ ಕಿರ್ರೆನ್ನತೊಡಗುತ್ತದೆ. ಮಾಲೀಕರು ಲಿಫ್ಟ್ ಕಿಟ್‌ಗೆ ಬೈಯುತ್ತಾರೆ. ನಾನು ನೋಡಿದ ಹೆಚ್ಚಿನ ಗಾಡಿಗಳಲ್ಲಿ ಕಿಟ್ ಚೆನ್ನಾಗಿಯೇ ಇತ್ತು, ಬೋಲ್ಟು ಬಿಗಿ ಮಾಡಿದ ಹೊತ್ತು ತಪ್ಪಿತ್ತು.

ಮೊದಲು ಕಾನೂನು. ಆರ್‌ಸಿ ವಿವರ ತಯಾರಕರ ಮೂಲ ವಿವರಕ್ಕೆ ತಾಳೆಯಾಗದಂತೆ ಗಾಡಿ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ತಿದ್ದುಪಡಿಯಂತೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಆರ್‌ಟಿಒ ಕಚೇರಿಯಲ್ಲಿ ಕೇಳಿ, ವಿಮೆಯವರಿಗೂ ತಿಳಿಸಿ. ‘ಯಾರೂ ಹಿಡಿಯಲ್ಲ ಬಿಡಿ ಸಾರ್’ ಎಂದ ಅಂಗಡಿಯವನು ಅಪಘಾತವಾದ ದಿನ ಫೋನ್ ಎತ್ತುವುದಿಲ್ಲ.

ಇನ್ನು ಟೈರು. ಅದರ ಮೇಲಿನ ಅಂಕಿಗಳಲ್ಲಿ ಮೊದಲನೆಯದು ಅಗಲ (ಮಿ.ಮೀ.), ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಕ್ಕದ ಎತ್ತರ ಎಂಬುದು, ಕೊನೆಯದು ರಿಮ್ಮಿನ ಇಂಚು. ಇಸುಜು ವಿ-ಕ್ರಾಸ್‌ನ ಹಳೆಯ 245/70 ಆರ್16 ಟೈರಿನ ವ್ಯಾಸ ಸುಮಾರು 749 ಮಿ.ಮೀ. ಹುಡುಗರು ಆಸೆಪಡುವ 265/75 ಆರ್16 ಸುಮಾರು 804. ಗಾಡಿ ಮೇಲೇರುವುದು ಇದರ ವ್ಯತ್ಯಾಸದ ಅರ್ಧ, ಅಂದರೆ 27 ಮಿ.ಮೀ. ಅಷ್ಟಕ್ಕೇ ಮೊದಲು 80 ಕಿ.ಮೀ. ವೇಗ ಇದ್ದ ಕಡೆ ಈಗ 86ರ ಹತ್ತಿರ ಓಡುತ್ತಿರುತ್ತೀರಿ, ಮೀಟರ್ ಮಾತ್ರ 80 ಎನ್ನುತ್ತದೆ. ನನ್ನ ಕೇಳಿದರೆ 265/70 ಧಾರಾಳ ಸಾಕು. ಮಡ್ ಟೈರಂತೂ ಬೇಡವೇ ಬೇಡ. ಡಾಂಬರು ರಸ್ತೆಯಲ್ಲಿ ಹಿಟ್ಟಿನ ಗಿರಣಿಯೊಳಗೆ ಕೂತ ಹಾಗಿರುತ್ತದೆ.

ಕೆಲಸ ಕೆಡುವುದು ಮುಂಭಾಗದಲ್ಲಿ. ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಟ್ಟಿಗಿರುವ ಸ್ಟ್ರಟ್‌ನ ಮೇಲಿನ ಸುತ್ತಿನ ನಟ್ಟುಗಳನ್ನಷ್ಟೇ ಬಿಚ್ಚಿ, ಎತ್ತರಕ್ಕಿಡುವ ಬಿಲ್ಲೆ, ಅಂದರೆ ಸ್ಪೇಸರ್ ಕೂರಿಸಬೇಕು. ನಡುವಿನ ದೊಡ್ಡ ನಟ್ಟಿಗೆ ಸ್ಪಾನರ್ ಹಾಕಲೇಬೇಡಿ, ಅದರಡಿ ಅದುಮಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣಕ್ಕೇ ಬರುತ್ತದೆ. ಸ್ಟ್ರಟ್‌ನ ಬುಡ, ಚಕ್ರವನ್ನು ಚಾಸಿಸ್‌ಗೆ ಹಿಡಿದಿಡುವ ಕೆಳಗಿನ ಆರ್ಮ್‌ನ ನಡುವೆ ಕೂತಿರುವುದರಿಂದ 25 ಮಿ.ಮೀ. ಸ್ಪೇಸರ್ ಚಕ್ರದ ಬಳಿ ಸರಿಸುಮಾರು ಎರಡರಷ್ಟು ಎತ್ತುತ್ತದೆ. ಇದು ತಿಳಿಯದೆ ಎರಡಿಂಚಿಗೆ ಎರಡಿಂಚಿನ ಸ್ಪೇಸರ್ರನ್ನೇ ತಂದು ತುರುಕುತ್ತಾರೆ. ಆಕ್ಸಲ್ ಕೀಲು ವಾರೆಯಾಗಿ ಅದರ ರಬ್ಬರ್ ಬೂಟು ಹರಿಯುತ್ತದೆ.

ಈಗ ಬುಷ್. ಆರ್ಮ್‌ನ ಬುಡದಲ್ಲಿರುವ ಬುಷ್‌ನ ರಬ್ಬರು ಒಳಗಿನ, ಹೊರಗಿನ ಎರಡೂ ಲೋಹದ ಕೊಳವೆಗೆ ಅಂಟಿರುತ್ತದೆ. ಅದರೊಳಗೆ ತೂರಿದ ಬೋಲ್ಟು ಬಿಗಿಯಾದ ಕ್ಷಣ ಒಳಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಜಾಕಿ ಮೇಲಿದ್ದಾಗ ಆರ್ಮ್ ಜೋತುಬಿದ್ದಿರುತ್ತದಲ್ಲ, ಆಗಲೇ ಬಿಗಿ ಮಾಡಿದಿರೋ, ಕೆಳಗಿಳಿಸಿದೊಡನೆ ರಬ್ಬರು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಹಾಗೆಯೇ ಉಳಿಯುತ್ತದೆ. ಮುಂದೆ ಹರಿಯುತ್ತದೆ. ಆ ಕಿರ್ರೆನ್ನುವ ಸದ್ದು ಅದರದೇ. ಆದ್ದರಿಂದ ಆರ್ಮ್‌ನ ಬೋಲ್ಟುಗಳನ್ನು ಸ್ವಲ್ಪ ಸಡಿಲವಾಗಿಯೇ ಕೂರಿಸಿ, ಚಕ್ರ ಹಾಕಿ, ಜಾಕಿ ಇಳಿಸಿ. ಬಾನೆಟ್ ಹಿಡಿದು ನಾಲ್ಕು ಸಲ ಅದುಮಿ, ಗಾಡಿಯನ್ನು ಕೈಯಲ್ಲೇ ಮಾರುದ್ದ ಹಿಂದೆ ಮುಂದೆ ತಳ್ಳಿ. ನಾಲ್ಕೂ ಚಕ್ರ ನೆಲ ಕಚ್ಚಿ ನಿಂತ ಮೇಲೆ, ಕಂಪನಿ ಕೈಪಿಡಿಯ ಅಳತೆಗೆ ಟಾರ್ಕ್ ರೆಂಚಿನಲ್ಲಿ ಬಿಗಿ ಮಾಡಿ. ಕೆಳಗೆ ಕೈ ಹೋಗಲು ಹೊಂಡವೋ ರ‍್ಯಾಂಪೋ ಇರುವ ಗ್ಯಾರೇಜೇ ಬೇಕು.

ಜಾಕಿ ಇಳಿಸುವ ಮುಂಚೆ ಇನ್ನೊಂದು ಕೆಲಸ: ಚಕ್ರ ಜೋತುಬಿದ್ದಿರುವಾಗಲೇ ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ಬ್ರೇಕ್ ಹೋಸ್, ಎಬಿಎಸ್ ತಂತಿ ಎಳೆದು ನಿಲ್ಲುತ್ತಿವೆಯೇ ನೋಡಿ.

ಹಿಂಭಾಗ ಸುಲಭ. ಪ್ಲೇಟ್ ಸೆಟ್ಟಿನಡಿ (ಪಟ್ಟಿ ಸ್ಪ್ರಿಂಗಿನಡಿ) ಎತ್ತರಿಸುವ ಒಂದೇ ಬ್ಲಾಕ್ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಆ ಸೆಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಹೊಸದೇ ಇರಲಿ. ಗುಜರಿಯಿಂದ ತಂದದ್ದು ಒಮ್ಮೆ ಎಳೆದು ಹಿಗ್ಗಿದ ಸರಕು.

ಆಮೇಲೆ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟ್ ತಗ್ಗಿಸಿ. ನಟ್ಟು ಮತ್ತು ಬೋಲ್ಟಿನ ಮೇಲೆ ಅಡ್ಡಲಾಗಿ ಬಿಳಿ ಪೇಂಟಿನ ಒಂದು ಗೀರು ಎಳೆಯಿರಿ. 500 ಕಿ.ಮೀ. ಓಡಿದ ಮೇಲೆ ಬಗ್ಗಿ ನೋಡಿದಾಗ ಗೀರು ಎರಡು ತುಂಡಾಗಿದ್ದರೆ ಆ ನಟ್ಟು ತಿರುಗಿದೆ. ಯು-ಬೋಲ್ಟನ್ನಂತೂ ಗೀರು ನೆಟ್ಟಗಿದ್ದರೂ ಆಗ ಇನ್ನೊಮ್ಮೆ ಬಿಗಿ ಮಾಡಿಸಿ.