ಪಿಯುಸಿ ಪರ್ಸೆಂಟೇಜ್ ಕಡಿಮಿ ಬಂದೈತಿ, ಬಿ.ಫಾರ್ಮ ಸೀಟು ಹೆಂಗ ತಗೋಬೇಕು?

ನಾನು ಸಿಂಧನೂರಾಗ ಮೆಡಿಕಲ್ ಶಾಪ್‌ನ್ಯಾಗ ಫಾರ್ಮಸಿಸ್ಟ್ ಕೆಲಸ ಮಾಡ್ತೀನಿ, ಹಂಗಾಗಿ ರಿಸಲ್ಟ್ ಬಂದ ಮ್ಯಾಲ ಓಣಿ ಹುಡುಗ್ರು ಅವರ ಅಪ್ಪ-ಅವ್ವನ್ನ ಕರ್ಕೊಂಡು ಬಂದು ಕೇಳೋದು ಇದೊಂದೇ, ಅಣ್ಣ 51 ಪರ್ಸೆಂಟ್ ಆಗೈತಿ ಫಾರ್ಮಸಿ ಸಿಗತೈತೇನು ಅಂತ. ಸಿಗತೈತಿ. ಆದ್ರ 51 ಅನ್ನೋ ನಂಬರ್ ನೋಡಿ ಯಾರೂ ಸೀಟು ಕೊಡಂಗಿಲ್ಲ, ಯಾರೂ ಬ್ಯಾಡ ಅನ್ನಂಗೂ ಇಲ್ಲ. ನೋಡೋದು ಬ್ಯಾರೇನೇ ಐತಿ, ಅದನ್ನ ತಿಳ್ಕೊಳ್ದ ಎಷ್ಟೋ ಮಂದಿ ಬಿಎ ಬಿಕಾಂ ಅಂತ ಹೋಗಿಬಿಡ್ತಾರ, ಅದಕ್ಕ ಒಂದ್ಸಲ ಕೂತು ಎಲ್ಲಾ ಬರದುಬಿಡೋಣು ಅಂತ ಬರಿಯಾಕತ್ತೀನಿ.

ಮೊದ್ಲು ಮಾರ್ಕ್ಸ್ ಕಾರ್ಡ್ ಕೈಯಾಗ ಹಿಡ್ಕೊಂಡು ಕನ್ನಡ ಇಂಗ್ಲಿಷ್ ಎರಡನ್ನೂ ಬದಿಗಿಡ್ರಿ. ಬಿ.ಫಾರ್ಮ ಅಂದ್ರ ನಾಕು ವರ್ಷದ ಫಾರ್ಮಸಿ ಡಿಗ್ರಿ, ಅದರ ಎಲಿಜಿಬಿಲಿಟಿಗೆ ಲೆಕ್ಕಕ್ಕ ಬರೋದು ಫಿಸಿಕ್ಸ್, ಕೆಮಿಸ್ಟ್ರಿ, ಅದರ ಜೊತಿ ಬಯಾಲಜಿ ಇಲ್ಲಾ ಮ್ಯಾಥ್ಸ್, ಇಷ್ಟೇ, ಒಟ್ಟು 300ಕ್ಕ. ಸಿಇಟಿ (ರಾಜ್ಯದ ಪ್ರವೇಶ ಪರೀಕ್ಷಾ) ಮ್ಯಾಲ ಸೀಟು ಬೇಕಂದ್ರ ಜನರಲ್ ಮೆರಿಟ್‌ನವ್ರಿಗೆ ಈ ಮೂರರಾಗ 45 ಪರ್ಸೆಂಟ್ ಅಂದ್ರ 135, ಎಸ್‌ಸಿ ಎಸ್‌ಟಿ ಮತ್ತ ಕೆಟಗರಿ-1, 2ಎ, 2ಬಿ, 3ಎ, 3ಬಿ ಇದ್ದವ್ರಿಗೆ 40 ಪರ್ಸೆಂಟ್ ಅಂದ್ರ 120 ಇದ್ರ ಸಾಕು. ಒಬ್ಬ ಹುಡುಗಂದು ಲೆಕ್ಕ ನೋಡ್ರಿ, ಕನ್ನಡ 78, ಇಂಗ್ಲಿಷ್ 55, ಫಿಸಿಕ್ಸ್ 41, ಕೆಮಿಸ್ಟ್ರಿ 52, ಬಯಾಲಜಿ 48, ಮ್ಯಾಥ್ಸ್ 37, ಒಟ್ಟು 311. ಬಯಾಲಜಿ ಹಿಡಿದ್ರ 141 ಆಗತೈತಿ, 47 ಪರ್ಸೆಂಟ್, ಜನರಲ್ ಆದ್ರೂ ಪಾಸ್. ಅದೇ ಮ್ಯಾಥ್ಸ್ ಹಿಡಿದ್ರ 130, 43 ಚಿಲ್ಲರೆ, ಜನರಲ್‌ಗೆ ಸಾಲಂಗಿಲ್ಲ. ಅಂದ್ರ ಈ ಹುಡುಗ ಸಿಇಟಿಯಾಗ ಬಯಾಲಜಿ ಪೇಪರ್ ಬರೀಲೇಬೇಕಿತ್ತು, ನಾನು ಇಂಜಿನಿಯರಿಂಗ್ ಕಡೆ ಅದೀನಿ ಬಯಾಲಜಿ ಯಾಕ ಅಂತ ಬಿಟ್ಟಿದ್ರ ಇಲ್ಲೇ ಹೋಗತಿತ್ತು. ಪಿಸಿಎಂಬಿ ತಗೊಂಡವ್ರು ದಯವಿಟ್ಟು ನಾಕೂ ಪೇಪರ್ ಬರೀರಿ.

ಇನ್ನೊಂದು ನಮೂನಿ ಕೇಸ್ ಬರ್ತಾವ, ಒಟ್ಟು 53 ಪರ್ಸೆಂಟ್ ಐತಿ ಮನ್ಯಾಗ ಎಲ್ಲಾರೂ ಖುಷಿ, ತಗದು ನೋಡಿದ್ರ ಕನ್ನಡ 92 ಇಂಗ್ಲಿಷ್ 70, ಪಿಸಿಬಿ ಮಾತ್ರ 118. 2ಎ ಹುಡುಗಿ, ಬರೇ ಎರಡು ಮಾರ್ಕ್ಸಿಗೆ ಹೊರಗ. ಇಂಥವ್ರು ಕೈ ಚೆಲ್ಲಿ ಕೂಡಬ್ಯಾಡ್ರಿ. 2024ರಿಂದ ಪಿಯು ಬೋರ್ಡ್ ವರ್ಷಕ್ಕ ಒಂದಕ್ಕಿಂತ ಹೆಚ್ಚು ಪರೀಕ್ಷಾ ಮಾಡತೈತಿ, ಪರೀಕ್ಷೆ-1, ಪರೀಕ್ಷೆ-2 ಅಂತ, ಪಾಸಾದವ್ರೂ ಮಾರ್ಕ್ಸ್ ಹೆಚ್ಚಿಗಿ ಮಾಡ್ಕೊಳ್ಳಾಕ ಬರೀಬಹುದು, ಎರಡರಾಗ ಯಾವ್ದು ಜಾಸ್ತಿ ಅದೇ ಉಳಿತೈತಿ, ಕಡಿಮಿ ಬಂದ್ರ ಹಳೇದು ಹೋಗತೈತಿ ಅನ್ನೋ ಭಯ ಇಲ್ಲ. ಎಲ್ಲಾ ಸಬ್ಜೆಕ್ಟ್ ಕಟ್ಟಬ್ಯಾಡ್ರಿ, ಯಾವ್ದು ಓದಿದ್ರ ಹತ್ತು ಮಾರ್ಕ್ಸ್ ಮ್ಯಾಲ ಬರತೈತಿ ಅನ್ನೋ ಒಂದು ಸಬ್ಜೆಕ್ಟ್ ಕಟ್ರಿ, ನನ್ನ ಕೇಳಿದ್ರ ಕೆಮಿಸ್ಟ್ರಿ, ಯಾಕಂದ್ರ ಮುಂದ ನಾಕು ವರ್ಷ ಅದೇ ಇರೋದು, ಆಗ ಓದಿದ್ದು ಹಾಳಾಗಂಗಿಲ್ಲ. ಹೊಸ ಮಾರ್ಕ್ಸ್ ಬಂದ ಮ್ಯಾಲ ಸುಮ್ನ ಕೂಡದ ಕೆಇಎ (ಸಿಇಟಿ ನಡಸಿ ಸೀಟು ಹಂಚೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟ್ ದಿನಾ ನೋಡ್ರಿ, ಮಾರ್ಕ್ಸ್ ಹಾಕ್ರಿ ಅಂತ ಲಿಂಕ್ ಬಿಟ್ರ ಆ ತಾರೀಖಿನ ಒಳಗ ಹಾಕಬೇಕು.

ಸಿಇಟಿ ಅರ್ಜಿ ಪಿಯುಸಿ ಪರೀಕ್ಷಾಕ್ಕಿಂತ ಮೊದ್ಲೇ, ಸಾಮಾನ್ಯವಾಗಿ ಜನವರಿ-ಫೆಬ್ರವರಿಯಾಗ ಮುಗಿದಿರತೈತಿ, ಹಂಗಾಗಿ ಈಗ ಸೆಕೆಂಡ್ ಪಿಯುಸಿ ಓದೋ ತಮ್ಮ ತಂಗಿ ಇದ್ರ ಅವರಿಗೆ ಈಗ್ಲೇ ಹೇಳಿ ಇಡ್ರಿ. ಪಿಯುಸಿಯಾಗ ಹಿಂದ ಬಿದ್ದವ್ರಿಗೆ ಸಿಇಟಿನೇ ಆಸರ. ಒಂದೊಂದು ಪೇಪರಿಗೆ 60 ಪ್ರಶ್ನೆ, 80 ನಿಮಿಷ, ನೆಗೆಟಿವ್ ಮಾರ್ಕಿಂಗ್ ಇಲ್ಲ. ನೆಗೆಟಿವ್ ಇಲ್ಲ ಅಂದ ಮ್ಯಾಲ ಒಂದು ಗುಂಡಿನೂ ಖಾಲಿ ಬಿಡಬಾರ್ದು, ಗೊತ್ತಿಲ್ಲದ್ದಕ್ಕೂ ಒಂದು ತುಂಬಿ ಬರ್ರಿ, ಆದ್ರೂ ಪ್ರತಿ ವರ್ಷ ಹುಡುಗ್ರು ಹದಿನೈದಿಪ್ಪತ್ತು ಖಾಲಿ ಬಿಟ್ಟು ಬರ್ತಾರ, ಕೇಳಿದ್ರ ಬರಲಿಲ್ಲ ಅಂತಾರ, ಅದನ್ನ ಕೇಳಿದ್ರ ಖರೇನೇ ಹೊಟ್ಟಿ ಉರಿತೈತಿ.

ಈಗ ಎಲ್ಲಾಕ್ಕಿಂತ ಮುಖ್ಯದ್ದು, 371ಜೆ, ಅಂದ್ರ ಕಲ್ಯಾಣ ಕರ್ನಾಟಕದವ್ರಿಗೆ ಸೀಟು ಮೀಸಲಿಡಾಕ ದಾರಿ ಮಾಡಿದ ಸಂವಿಧಾನದ ವಿಧಿ. ನಮ್ಮ ಕಡೆ ಹುಡುಗ್ರು ಕಡಿಮಿ ರ‍್ಯಾಂಕ್‌ನ್ಯಾಗ ಸೀಟು ತಗೊಂಡಾರ ಅಂದ್ರ ಬಹಳ ಸಲ ಇದರಿಂದನೇ. ಸಂವಿಧಾನದ 98ನೇ ತಿದ್ದುಪಡಿ ಆದ ಮ್ಯಾಲ 2013ರ ಆದೇಶದ ಪ್ರಕಾರ ಕಲ್ಯಾಣ ಕರ್ನಾಟಕದ ಒಳಗಿರೋ ಕಾಲೇಜಿನ್ಯಾಗ 70 ಪರ್ಸೆಂಟ್ ಸೀಟು ಇಲ್ಲಿನವ್ರಿಗೆ, ಹೊರಗಿನ ರಾಜ್ಯಮಟ್ಟದ ಸಂಸ್ಥೆಯೊಳಗ 8 ಪರ್ಸೆಂಟ್. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಈ ಏಳು ಜಿಲ್ಲೆ. ಆದ್ರ ಇಲ್ಲೇ ಹುಟ್ಟಿ ಇಲ್ಲೇ ಬೆಳದೀನಿ ಅಂತ ಬಾಯಿಲೆ ಹೇಳಿದ್ರ ನಡಿಯಂಗಿಲ್ಲ, ಅನುಬಂಧ-ಎ ಅಂತ ಒಂದು ಅರ್ಹತಾ ಪ್ರಮಾಣ ಪತ್ರ ಬೇಕು, ಅದು ಕೊಡೋರು ಎಸಿ, ಅಂದ್ರ ಉಪವಿಭಾಗಾಧಿಕಾರಿ. ನಮ್ಮ ಸಿಂಧನೂರು, ಮಸ್ಕಿ ಕಡೆಯವ್ರಿಗೆ ಲಿಂಗಸುಗೂರು ಎಸಿ ಆಫೀಸ್, ಗಂಗಾವತಿ ಕುಷ್ಟಗಿಯವ್ರಿಗೆ ಕೊಪ್ಪಳ. ತಹಶೀಲ್ದಾರ್ ಕಡೆಯಿಂದ ರಿಪೋರ್ಟ್ ಬರಬೇಕು, ಟೇಬಲ್‌ನಿಂದ ಟೇಬಲ್‌ಗೆ ಹೋಗಬೇಕು, ನೀವು ರಿಸಲ್ಟ್ ಬಂದ ಮ್ಯಾಲ ಓಡಾಡಿದ್ರ ಎಲ್ಲಾರೂ ಅವತ್ತೇ ಅಲ್ಲಿ ನಿಂತಿರ್ತಾರ. ದಸರಾ ದೀಪಾವಳಿ ಸೂಟಿಯ ಹೊತ್ತಿಗೇ ಮಾಡಿಸಿ ಇಟ್ಕೋರಿ. ಶಾಲಿ ವ್ಯಾಸಂಗ ಪ್ರಮಾಣ ಪತ್ರ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ರೇಷನ್ ಕಾರ್ಡ್, ಆಧಾರ್, ಅಪ್ಪಂದು ಇಲ್ಲೇ ಇದ್ದ ದಾಖಲೆ ಎಲ್ಲಾ ಎರಡೆರಡು ಜೆರಾಕ್ಸ್. ಬಂದ ಮ್ಯಾಲ ಹೆಸರು ನೋಡ್ರಿ, ಎಸ್ಸೆಸ್ಸೆಲ್ಸಿ ಕಾರ್ಡಿನ್ಯಾಗ ಹೆಂಗ ಐತಿ ಹಂಗೇ ಇರಬೇಕು, ಇನಿಷಿಯಲ್ ಹಿಂದ ಮುಂದ ಆದ್ರೂ ವೆರಿಫಿಕೇಶನ್ ಹೊತ್ತಿನ್ಯಾಗ ತಕರಾರು ಬರತೈತಿ, ಅಲ್ಲೇ ಆಫೀಸ್‌ನ್ಯಾಗ ನಿಂತು ಓದಿ ನೋಡ್ಕೊಂಡೇ ಹೊರಗ ಬರ್ರಿ.

ಜೊತಿಗೆ ಜಾತಿ-ಆದಾಯ ನಾಡಕಚೇರಿಯಿಂದ, ಒಂದರಿಂದ ಹತ್ತನೇ ತನ ಹಳ್ಳ್ಯಾಗ ಓದಿದ್ರ ಗ್ರಾಮೀಣ, ಕನ್ನಡ ಮೀಡಿಯಂ ಆದ್ರ ಅದರದ್ದೂ, ಈ ಎರಡಕ್ಕೂ ಬಿಇಒ ಸಹಿ. ನಮ್ಮ ಹಳ್ಳಿ ಹುಡುಗ್ರಿಗೆ ಬಹಳ ಮಂದಿಗೆ ಎರಡೂ ಬರ್ತಾವ, ಸೈಬರ್‌ನವ ಅರ್ಜಿ ತುಂಬುವಾಗ ಅವಸರದಾಗ ನೋ ಅಂತ ಒತ್ತಿಬಿಡ್ತಾನ, ಸ್ಕ್ರೀನ್ ನೀವ ನೋಡ್ರಿ, ಪ್ರಿಂಟ್ ತಗೋರಿ.

ಆಪ್ಷನ್ ಎಂಟ್ರಿ, ಅಂದ್ರ ಯಾವ ಕಾಲೇಜು ಬೇಕು ಅಂತ ಸಾಲಾಗಿ ಹಾಕೋ ವಿಚಾರಕ್ಕ ಬರೋಣು. ಕೆಇಎ ಹಿಂದಿನ ವರ್ಷದ ಕಟಾಫ್ ರ‍್ಯಾಂಕ್ ಪಿಡಿಎಫ್ ಬಿಟ್ಟಿರತೈತಿ, ಹೈ.ಕ. (ಹೈದರಾಬಾದ್ ಕರ್ನಾಟಕ, ಕಲ್ಯಾಣ ಕರ್ನಾಟಕದ ಹಳೇ ಹೆಸರು) ಸೀಟಿಂದು ಬ್ಯಾರೆ ಇರತೈತಿ, ಅದನ್ನೇ ತಗದು ನಿಮ್ಮ ಕೆಟಗರಿ ಕಾಲಂ ನೋಡ್ರಿ, ಜಿಎಂ (ಜನರಲ್ ಮೆರಿಟ್) ಕಾಲಂ ನೋಡಿ ಎದಿ ಒಡಕೊಬ್ಯಾಡ್ರಿ. ಬಳ್ಳಾರ್ಯಾಗ ಟಿವಿಎಂ, ರಾಯಚೂರಾಗ ವಿಎಲ್ ಮತ್ತ ಎನ್‌ಇಟಿ ಅದಾವ, ಕಲಬುರಗಿ ಬೀದರ್ ಕಡೆನೂ ಅದಾವ, ಮೊದ್ಲು ನಿಮಗ ಮನಸ್ಸಿದ್ದಿದ್ದು, ಕೆಳಗ ಸಿಗೋವಂಥವು, ಹಿಂಗ ಉದ್ದಕ ಹಾಕ್ರಿ. ರ‍್ಯಾಂಕ್ ಕಡಿಮಿ ಇದ್ದವ್ರು ನಾಕೈದೇ ಆಪ್ಷನ್ ಹಾಕಿ ಕೂಡೋದು ಸರಿ ಅಲ್ಲ. ಸೀಟು ಅಲಾಟ್ ಆದ ಮ್ಯಾಲ ಚಾಯ್ಸ್ ಕೇಳ್ತಾರ, ಚಾಯ್ಸ್ 1 ಅಂದ್ರ ಇದೇ ಸಾಕು ಸೇರ್ತೀನಿ, 2 ಅಂದ್ರ ಇದು ಇರಲಿ ಮ್ಯಾಲಿಂದು ಸಿಕ್ರ ಹೋಗ್ತೀನಿ, 3 ಅಂದ್ರ ಇದು ಬ್ಯಾಡ ಮುಂದಿನ ರೌಂಡ್ ನೋಡ್ತೀನಿ, 4 ಅಂದ್ರ ಪೂರ್ತಿ ಹೊರಗ. ಕಡಿಮಿ ರ‍್ಯಾಂಕ್‌ನವ್ರು 3 ಒತ್ತೋದು ಅಂದ್ರ ಕೈಯಾಗಿಂದು ಬಿಟ್ಟು ಓಡೋ ಮೊಲಕ್ಕ ಕೈ ಚಾಚಿದಂಗ, ಇಷ್ಟ ಆಗದಿದ್ರ 2 ಒತ್ರಿ.

ಕಾಲೇಜು ಪಿಸಿಐ (ಭಾರತೀಯ ಫಾರ್ಮಸಿ ಕೌನ್ಸಿಲ್) ಒಪ್ಪಿಗಿ ಇದ್ದದ್ದೇ ಆಗಿರಬೇಕು, ಪಿಸಿಐ ವೆಬ್‌ಸೈಟಿನ್ಯಾಗ ಪಟ್ಟಿ ಐತಿ. ಒಪ್ಪಿಗಿ ಇಲ್ಲದ ಕಡೆ ಓದಿದ್ರ ಮುಂದ ರಾಜ್ಯ ಫಾರ್ಮಸಿ ಕೌನ್ಸಿಲ್‌ನ್ಯಾಗ ರಿಜಿಸ್ಟ್ರೇಷನ್ ಆಗಂಗಿಲ್ಲ, ರಿಜಿಸ್ಟ್ರೇಷನ್ ಇಲ್ಲಂದ್ರ ಫಾರ್ಮಸಿಸ್ಟ್ ಅಂತ ಗುಳಿಗಿ ಕೊಡೋ ಹಕ್ಕೇ ಇಲ್ಲ. ನಮ್ಮದು ಗಡಿ ಜಿಲ್ಲೆ, ಆಚೆ ಕಡೆ ರಾಜ್ಯದಾಗ ಸೀಟು ಮಾಡಿಸ್ತೀನಿ, ಕಾಲೇಜಿಗೆ ಹೋಗೋದೇ ಬ್ಯಾಡ, ಪರೀಕ್ಷಾಕ್ಕ ಬಂದ್ರ ಸಾಕು ಅನ್ನೋ ಏಜೆಂಟ್ರು ಬರ್ತಾರ. ಬಿ.ಫಾರ್ಮಕ್ಕ 80 ಪರ್ಸೆಂಟ್ ಹಾಜರಿ ಕಡ್ಡಾಯ ಐತಿ, ಮನ್ಯಾಗ ಕೂತು ಫಾರ್ಮಸಿ ಓದೋದು ಅಂತ ಒಂದು ಇಲ್ಲೇ ಇಲ್ಲ. ಅಂಥವ್ರ ಕೈಯಾಗ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಕೊಡಬ್ಯಾಡ್ರಿ, ವಾಪಸ್ ತರೋದ್ರಾಗ ಅರ್ಧ ಹೊಲ ಮಾರಬೇಕಾಗತೈತಿ.

ಇಷ್ಟಾದ್ರೂ 120, 135 ಆಗಲಿಲ್ಲ ಇಲ್ಲಾ ಸಿಇಟಿ ಬರದಿಲ್ಲ ಅನ್ನೋರಿಗೆ ಡಿ.ಫಾರ್ಮ, ಅಂದ್ರ ಫಾರ್ಮಸಿ ಡಿಪ್ಲೊಮಾ ಐತಿ. ಇದಕ್ಕ ಸೈನ್ಸ್ ಪಿಯುಸಿ ಪಾಸಾಗಿದ್ರ ಸಾಕು. ಎರಡು ವರ್ಷ, ಆಮ್ಯಾಲ ಆಸ್ಪತ್ರಿ ಇಲ್ಲಾ ಮೆಡಿಕಲ್ ಶಾಪ್‌ನ್ಯಾಗ 500 ತಾಸು ಟ್ರೇನಿಂಗ್. ಡಿ.ಫಾರ್ಮ ಮುಗಿಸಿ ರಿಜಿಸ್ಟ್ರೇಷನ್‌ಗಿಂತ ಮೊದ್ಲು ಬರಿಯೋ ಎಕ್ಸಿಟ್ ಎಕ್ಸಾಮ್ ಅಂತ ಪಿಸಿಐ 2022ರಾಗ ನಿಯಮ ತಂದೈತಿ, ಅದನ್ನೂ ತಲಿಯಾಗ ಇಟ್ಕೋರಿ. ಡಿ.ಫಾರ್ಮ ಮುಗಿಸಿದವ್ರಿಗೆ ಬಿ.ಫಾರ್ಮ ಎರಡನೇ ವರ್ಷಕ್ಕ, ಅಂದ್ರ ಮೂರನೇ ಸೆಮಿಸ್ಟರಿಗೆ ನೇರ ಪ್ರವೇಶ ಐತಿ. ಒಟ್ಟು ಐದು ವರ್ಷ ಆಗತೈತಿ, ಒಂದು ವರ್ಷ ಹೆಚ್ಚಿಗಿ, ಆದ್ರ ಇದನ್ನ ಕೀಳು ದಾರಿ ಅಂತ ನಾನು ಒಪ್ಪಂಗಿಲ್ಲ. ಹಂಗ ಬಂದವ್ರು ಔಷಧಿ ಹೆಸರು, ಡೋಸ್ ಎಲ್ಲಾ ಬಾಯಾಗ ಇಟ್ಕೊಂಡೇ ಬಂದಿರ್ತಾರ, ಕ್ಲಾಸಿನ್ಯಾಗ ಅವರೇ ಮುಂದ ಇರ್ತಾರ.

ಮ್ಯಾನೇಜ್‌ಮೆಂಟ್ ಸೀಟು ಕಡೀಕ ನೋಡ್ರಿ. ಸಿಇಟಿ ಸೀಟಿದ್ರ ಅರಿವು ಅನ್ನೋ ಸರ್ಕಾರಿ ಶಿಕ್ಷಣ ಸಾಲ ಕೇಳಬಹುದು, ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಒಳಗ ಸ್ಕಾಲರ್‌ಶಿಪ್ ಹಾಕಬಹುದು, ಹಾಸ್ಟೆಲ್ ಅರ್ಜಿ ಬ್ಯಾರೆ ಪೋರ್ಟಲ್‌ನ್ಯಾಗ ಹಾಕಬೇಕು, ಅಡ್ಮಿಷನ್ ಆದ ವಾರದಾಗೇ ಹಾಕ್ರಿ.

ಸೀಟು ಸಿಕ್ಕ ಮ್ಯಾಲ ಕ್ಲಾಸ್ ಶುರು ಆಗೋ ತನಕ ಖಾಲಿ ಕೂಡಬ್ಯಾಡ್ರಿ. ಮೊದಲ್ನೇ ಸೆಮಿಸ್ಟರ್‌ನ್ಯಾಗ ಅನಾಟಮಿ-ಫಿಸಿಯಾಲಜಿ, ಫಾರ್ಮಾಸ್ಯೂಟಿಕ್ಸ್, ಅನಾಲಿಸಿಸ್, ಇನಾರ್ಗ್ಯಾನಿಕ್ ಕೆಮಿಸ್ಟ್ರಿ ಇರ್ತಾವ, ಪಾಸಿಗೆ 50 ಬೇಕು, ಪಿಯುಸಿ ಹಂಗ ಕಡಿಮಿ ಮಾರ್ಕ್ಸಿಗೆ ದಾಟಂಗಿಲ್ಲ. ಪಿಯುಸಿಯಾಗ ಬಯಾಲಜಿ ಇಲ್ಲದವ್ರಿಗೆ ರೆಮಿಡಿಯಲ್ ಬಯಾಲಜಿ, ಮ್ಯಾಥ್ಸ್ ಇಲ್ಲದವ್ರಿಗೆ ರೆಮಿಡಿಯಲ್ ಮ್ಯಾಥ್ಸ್ ಇಟ್ಟಾರ. ಕನ್ನಡ ಮೀಡಿಯಂ ಹುಡುಗ್ರು ಕೆಮಿಸ್ಟ್ರಿಯ ಮೋಲಾರಿಟಿ, ನಾರ್ಮಾಲಿಟಿ, ಟೈಟ್ರೇಷನ್ ಲೆಕ್ಕ ಇಂಗ್ಲಿಷ್‌ನ್ಯಾಗ ಬರದು ಬರದು ಕೈ ಕೂಡಿಸ್ಕೋರಿ, ಮೊದ್ಲ ಪ್ರಾಕ್ಟಿಕಲ್‌ನ್ಯಾಗೇ ಅದು ಬರತೈತಿ.